ಕಲ್ಲಿನಲ್ಲೊಂದು ಹೆಸರು

(ಸೋಮನಾಥಪುರದ ಕೇಶವ ದೇವಾಲಯ. ಒಬ್ಬ ಗೈಡು, ಒಬ್ಬ ಪ್ರವಾಸಿ.)

ಗೈಡು: ಇದು 1258ರ ಗುಡಿ ಸಾರ್. ಹೊಯ್ಸಳ ಮೂರನೇ ನರಸಿಂಹನ ಕಾಲದಲ್ಲಿ ಸೋಮನಾಥ ದಂಡನಾಯಕ ಕಟ್ಟಿಸಿದ್ದು.

ಪ್ರವಾಸಿ: ಬೇಗ ಹೇಳ್ರೀ. ತಲಕಾಡು, ಶಿವನಸಮುದ್ರ ಎಲ್ಲಾ ಇವತ್ತೇ ಮುಗಿಸ್ಬೇಕು.

ಗೈಡು: ಗರ್ಭಗುಡಿ ಮೂರು. ಮೂಲ ಕೇಶವನ ವಿಗ್ರಹ ಕಳೆದುಹೋಗಿದೆ, ಈಗಿರೋದು ಆಮೇಲೆ ಇಟ್ಟಿದ್ದು.

ಪ್ರವಾಸಿ: ಹಾಗಾದ್ರೆ ಟಿಕೆಟ್ಟಲ್ಲಿ ರಿಯಾಯಿತಿ ಕೊಡ್ಬೇಕಿತ್ತು! ಪ್ರಸಾದ ಎಲ್ಲಿ ಕೊಡ್ತಾರೆ?

ಗೈಡು: ಇಲ್ಲಿ ಪೂಜೆ ನಡೆಯಲ್ಲ ಸಾರ್. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿ ಸೇರಿದೆ.

ಪ್ರವಾಸಿ: ಪುಳಿಯೋಗರೆ ಇಲ್ದೇ ಇರೋ ಗುಡಿಗೆ ಯುನೆಸ್ಕೋ ಪಟ್ಟ! ಸರಿ, ಈ ಕಲ್ಲು ಯಾವುದು?

ಗೈಡು: ಬಳಪದ ಕಲ್ಲು. ಹೊಸದಾಗಿ ತೆಗೆದಾಗ ಮೆತ್ತಗೆ, ಗಾಳಿಗೆ ಬಿದ್ದಮೇಲೆ ಗಟ್ಟಿ. ಅದಕ್ಕೇ ಒಡವೆಯ ಒಂದೊಂದು ಮಣಿಯನ್ನೂ ಬಿಡಿಸಿದ್ದಾರೆ.

ಪ್ರವಾಸಿ: (ಕಾರಿನ ಬೀಗದ ಕೈ ತೆಗೆದು) ಮೆತ್ತಗಾ? ಹಾಗಾದ್ರೆ ನಂದೂ ನಮ್ಮನೆಯವಳದೂ ಹೆಸರು...

ಗೈಡು: ಅಯ್ಯೋ, ಬೇಡಿ! ಎರಡು ವರ್ಷದವರೆಗೆ ಜೈಲು, ಲಕ್ಷ ರೂಪಾಯಿವರೆಗೆ ದಂಡ. ಯೋಗ ಕೂಡಿಬಂದರೆ ಎರಡೂ!

ಪ್ರವಾಸಿ: ಮತ್ತೆ ಈ ಪೀಠದ ಮೇಲೆ ಯಾರೋ ಹೆಸರು ಕೊರೆದಿದ್ದಾನಲ್ಲ? ಅವನಿಗೆಷ್ಟು ದಂಡ ಹಾಕಿದ್ರಿ?

ಗೈಡು: ಅವನು ಶಿಲ್ಪಿ ಮಲ್ಲಿತಮ್ಮ ಸಾರ್. ಮೊದಲು ವಿಗ್ರಹ ಕೆತ್ತಿದ, ಆಮೇಲೆ ಹೆಸರು ಕೊರೆದ. ನೀವೂ ಅದೇ ಕ್ರಮದಲ್ಲಿ ಮಾಡಿ. ಕಲ್ಲು ನಾನು ತರಿಸಿಕೊಡ್ತೀನಿ.

ಓದುಗ ಮಹಾಶಯರೇ, ಗುಡಿ ನೋಡಲು ಹೋಗುವಾಗ ಕಣ್ಣು ಒಯ್ಯಿರಿ. ಬೀಗದ ಕೈ ಜೇಬಿನಲ್ಲೇ ಇರಲಿ.