ಕಂಪೈಲ್ ಆಗುತ್ತಿದೆ, ದಯವಿಟ್ಟು ಕಾಯಿರಿ

ಪರದೆಯ ಮೇಲೆ ‘ಕಂಪೈಲ್ ಆಗುತ್ತಿದೆ’ (ಬರೆದ ಪ್ರೋಗ್ರಾಮ್ ಯಂತ್ರಭಾಷೆಗೆ ಬದಲಾಗುತ್ತಿದೆ) ಎಂದಿದ್ದರೆ ಕೈಕಟ್ಟಿ ಕೂತ ಪ್ರೋಗ್ರಾಮರನ್ನು ಯಾವ ಮ್ಯಾನೇಜರೂ ಗದರಿಸುವಂತಿಲ್ಲ. ಹೊಸ ಲ್ಯಾಪ್‌ಟಾಪ್ ಕೊಡಿಸಿದರೆ ಈ ಪೀಡೆ ತೊಲಗುತ್ತದೆ ಎನ್ನುವವರಿದ್ದಾರೆ. ಹಾಗಿದ್ದರೆ ಗೂಗಲ್‌ನಂಥ ಕುಬೇರರು ಕಾಯಬೇಕಿರಲಿಲ್ಲ. 2007ರಲ್ಲಿ ಅಲ್ಲಿನ ಒಂದು ಸಿ ಪ್ಲಸ್ ಪ್ಲಸ್ ಪ್ರೋಗ್ರಾಮನ್ನು ಅಳೆದು ನೋಡಿದರು. ಬರೆದದ್ದು 4.2 ಮೆಗಾಬೈಟ್, ಅದು ಜತೆಗೆ ಕರೆತರುವ ಹೆಡರ್ ಫೈಲುಗಳೆಲ್ಲ ಬಿಚ್ಚಿಕೊಂಡು ಕಂಪೈಲರಿನ ಬಾಯಿಗೆ ಬಿದ್ದದ್ದು 8 ಗಿಗಾಬೈಟಿಗೂ ಹೆಚ್ಚು! ಒಬ್ಬರನ್ನು ಊಟಕ್ಕೆ ಕರೆದರೆ ಬೀಗರ ದಂಡೇ ಬಂದು, ಪ್ರತಿ ಪಂಕ್ತಿಯಲ್ಲೂ ಮತ್ತೆ ಮತ್ತೆ ಕೂತ ಹಾಗೆ. ಕೆಲಸವನ್ನು ಹಲವು ಕಂಪ್ಯೂಟರುಗಳಿಗೆ ಹಂಚಿದರೂ ಮುಗಿಯಲು 45 ನಿಮಿಷ. ಯಂತ್ರ ಚುರುಕಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ಜಡವಾಗುತ್ತದೆ ಎಂದು ಕಂಪ್ಯೂಟರ್ ವಿಜ್ಞಾನಿ ನಿಕ್ಲಾಸ್ ವಿರ್ತ್ 1995ರಲ್ಲೇ ಎಚ್ಚರಿಸಿದ್ದರು. ಎಚ್ಚರಿಕೆಯನ್ನು ಓದುವಷ್ಟು ಬಿಡುವು ಪ್ರೋಗ್ರಾಮರುಗಳಿಗೆ ಇದ್ದೇ ಇತ್ತು ಅನ್ನಿ.

ಕಾಯುವ ಹೊತ್ತಿನಲ್ಲಿ ಯೋಚಿಸಬಹುದಲ್ಲ, ಪಂಚ್ ಕಾರ್ಡ್ ಕಾಲದವರು ದಿನಗಟ್ಟಲೆ ಕಾಯುತ್ತಿರಲಿಲ್ಲವೇ ಎಂಬ ವಾದವೂ ಉಂಟು. ದಿನವಿಡೀ ಕಾಯುವುದಾದರೆ ಬೇರೆ ಕೆಲಸ ಹಿಡಿಯಬಹುದು. ಎರಡು ನಿಮಿಷದ ಕಾಯುವಿಕೆ ಅತ್ತ ಕೆಲಸಕ್ಕೂ ಇಲ್ಲ, ಇತ್ತ ನಿದ್ದೆಗೂ ಇಲ್ಲ. ಕೈ ತಾನಾಗಿ ಮೊಬೈಲಿಗೆ ಹೋಗುತ್ತದೆ; ರೀಲ್ಸ್ ಮುಗಿಸಿ ಬರುವಷ್ಟರಲ್ಲಿ ಯಾವ ಬಗ್ ಹಿಡಿಯಲು ಹೊರಟಿದ್ದೆವೆಂಬುದೇ ಮರೆತಿರುತ್ತದೆ. ಪರದೆಯಲ್ಲಿ ಕೆಂಪಕ್ಷರ: ಸೆಮಿಕೋಲನ್ ಬಿಟ್ಟುಹೋಗಿದೆ. ಆದರೂ ಕಾದದ್ದು ಪೂರ್ತಿ ದಂಡವಲ್ಲ. ಅಂಥದೊಂದು ದೀರ್ಘ ಕಂಪೈಲ್ ಮುಗಿಯಲೆಂದು ಕಾಯುತ್ತಲೇ ಗೂಗಲ್‌ನ ರಾಬ್ ಪೈಕ್ ಮತ್ತು ಸಂಗಡಿಗರು ಬೇಗ ಕಂಪೈಲ್ ಆಗುವ ಹೊಸ ಭಾಷೆಯ ಯೋಚನೆಗೆ ತೊಡಗಿದರು. 2009ರಲ್ಲಿ ಅದು ‘ಗೋ’ ಎಂಬ ಹೆಸರಿನಲ್ಲಿ ಹೊರಬಂತು.