ಹರಿಗೋಲಿನ ಮುಖನಿರ್ಣಯ

ಅಥ ಹರಿಗೋಲು ಜಿಜ್ಞಾಸೆ. ಕೃಷ್ಣೆ, ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿ ಮೀನಿಗೆ ಹೊರಟ ಎರಡು ಹರಿಗೋಲುಗಳು ಎದುರುಬದುರಾದರೆ ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬುದು ವಿಷಯ. ಪ್ರಯೋಜನ ಇಲ್ಲ, ಆದ್ದರಿಂದ ಇದು ಶುದ್ಧ ಶಾಸ್ತ್ರ. ಅಧಿಕಾರಿ: ಈಜು ಬಲ್ಲವನು.

ಪ್ರಮಾಣಗ್ರಂಥ ಒಂದುಂಟು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ರಚಿಸಿ 1977ರಿಂದ ಜಾರಿಗೆ ತಂದ ಅಂತರರಾಷ್ಟ್ರೀಯ ನಿಯಮಾವಳಿ. ಎದುರಾದ ಎರಡು ಯಂತ್ರನೌಕೆಗಳೂ ತಂತಮ್ಮ ಬಲಕ್ಕೆ ತಿರುಗಬೇಕೆಂದು ಅದರ 14ನೇ ನಿಯಮ. ಹರಿಗೋಲಿಗೆ ಯಂತ್ರವೆಲ್ಲಿ ಎಂಬ ಆಕ್ಷೇಪ ಸಲ್ಲದು. ಜೋಳದ ರೊಟ್ಟಿ ತಿಂದ ರಟ್ಟೆಯೂ ಯಂತ್ರವೇ. ತೊಡಕು ಬೇರೆ ಕಡೆ ಇದೆ. ಬಲ ಯಾವುದೆಂದು ತಿಳಿಯಲು ಮೊದಲು ಮುಖ ಬೇಕು. ದುಂಡನೆಯ ಹರಿಗೋಲಿಗೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್, ಬೆತ್ತ ಹೆಣೆದು ಚರ್ಮ ಹೊದಿಸಿದ ಈ ದೋಣಿ 15–20 ಜನರನ್ನು ಹೊರುತ್ತದೆ, ಆದರೆ ನೆಟ್ಟಗೆ ಹೋಗಲಾರದೆ ಸುತ್ತುತ್ತಲೇ ಇರುತ್ತದೆ ಎಂದು ಬರೆದಿಟ್ಟಿದ್ದಾನೆ. ಚರ್ಮ ಹೋಗಿ ಡಾಂಬರು, ಪ್ಲಾಸ್ಟಿಕ್ ಬಂದವು. ಸುತ್ತು ಹೋಗಲಿಲ್ಲ.

ಇಲ್ಲಿ ಮತಭೇದ. ಹುಟ್ಟು ಹಾಕುವವನ ಮೂಗು ಎತ್ತಲೋ ಅತ್ತಲೇ ಮುಖ ಎಂಬುದು ದೇವದುರ್ಗದ ಕೃಷ್ಣಾಪಂಥ. ನೀರು ಒಯ್ಯುವ ಕಡೆಯೇ ಮುಖ, ಮೂಗು ನಿಮಿತ್ತಮಾತ್ರ ಎಂಬುದು ಮಾನ್ವಿಯ ತುಂಗಭದ್ರಾಪಂಥ. ದ್ವೈತಮತದ ಹರಿದಾಸ ವಿಜಯದಾಸರ ಊರು ಚೀಕಲಪರ್ವಿ ಇರುವ ಸೀಮೆಯಲ್ಲಿ ಅಂಬಿಗನೂ ಅಸ್ವತಂತ್ರ ಎಂದರೆ ಅಚ್ಚರಿಯೇನು? ರಾಯಚೂರು ನಗರದ ಪಂಡಿತರು ಎರಡು ಹೊಳೆಗಳ ನಡುವೆ ಕೂತೂ ಒಂದರ ದಂಡೆಯ ಮೇಲೂ ಇಲ್ಲದ್ದರಿಂದ ತೀರ್ಪು ಕೊಡಲು ಪರಮ ಅರ್ಹರು. ಆದರೆ ಅವರ ಸಭೆ "ಮೀನು ಕೆಜಿಗೆ ಎಷ್ಟು?" ಎಂಬ ಪೂರ್ವಪಕ್ಷದಲ್ಲೇ ನಿಂತಿದೆ.

ಇನ್ನು ಗಾಳದ ಪ್ರಕರಣ. ಗಾಳ ಎಳೆದುಕೊಂಡು ಸಾಗುವ ದೋಣಿಯನ್ನು 3ನೇ ನಿಯಮ ಮೀನುಗಾರಿಕೆಯಲ್ಲಿ ತೊಡಗಿದ ದೋಣಿಯೆಂದೇ ಎಣಿಸುವುದಿಲ್ಲ. ಬಲೆ ಬಿಟ್ಟವರಿಗೆ ಸಿಗುವ ಮರ್ಯಾದೆ ಅದಕ್ಕಿಲ್ಲ, ಯಾಕೆಂದರೆ ಗಾಳದಿಂದ ತಿರುಗಾಟಕ್ಕೆ ಅಡ್ಡಿಯಿಲ್ಲವಂತೆ. ಬರೆದವರು ಹರಿಗೋಲು ಹತ್ತಿದವರಲ್ಲ. ಒಂದು ಸುತ್ತಿಗೆ ದಾರ ದೋಣಿಯನ್ನು ಬಳಸುತ್ತದೆ, ಇನ್ನೊಂದಕ್ಕೆ ಹುಟ್ಟನ್ನು. ಆಮೇಲೆ ಅಂಬಿಗನೇ ಮೀನಿನ ಸ್ಥಾನಕ್ಕೆ ಬರುತ್ತಾನೆ. ಹೀಗಾಗಿ ಈ ಶಾಸ್ತ್ರದಲ್ಲಿ ಬಲೆಯೇ ಪ್ರಧಾನ. ಬಲಕ್ಕೆ ತಿರುಗುವಾಗ ಒಂದು ಗಿಡ್ಡ ಸೀಟಿ ಊದಬೇಕೆಂದು 34ನೇ ನಿಯಮ ಹೇಳಿದರೆ, ಹೊಳೆಯಲ್ಲಿ ಆ ಕೆಲಸ ಗಂಟಲಿನದು:

"ಕಾಕಾ, ಬಲಿ ಬಿಟ್ಟೀನಿ, ಆ ಕಡಿಂದ ಹೋಗ್ರಿ!"

"ಕಂಡೈತಿ ಬಿಡಪಾ. ಮೊಸಳಿ ಎದ್ದಾವು, ನೀನೂ ದಂಡಿಗೆ ಬಾ."

ಮೊಸಳೆಗೆ ದಾರಿ ಬಿಡುವ ಬಗ್ಗೆ ನಿಯಮಾವಳಿ ಮೌನವಾಗಿದೆ. ಎರಡೂ ಪಂಥಗಳು ಈ ಲೋಪವನ್ನು ಸ್ವಂತ ಬುದ್ಧಿಯಿಂದ ತುಂಬಿಕೊಂಡಿವೆ.

ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರ ಗೇಟು ಎತ್ತಿ ನೀರು ಬಿಟ್ಟಾಗ, ಯಾರೂ ಹೊಳೆಗೆ ಇಳಿಯಬಾರದೆಂದು ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ. ಹರಿಗೋಲುಗಳೆಲ್ಲ ದಂಡೆ ಹತ್ತಿ ಬೋರಲು ಮಲಗುತ್ತವೆ. 14ನೇ ನಿಯಮ ದೇವದುರ್ಗ ತಾಲ್ಲೂಕಿನಲ್ಲಿ ಚಾಚೂ ತಪ್ಪದೆ ಪಾಲನೆಯಾಗುವುದು ಆಗಲೇ. ಮುಖ ಎತ್ತ ಎಂಬ ವಿವಾದವೂ ಅಷ್ಟು ದಿನ ಇರುವುದಿಲ್ಲ: ಬೋರಲಾದ ಹರಿಗೋಲಿನ ಮುಖ ನೆಲಕ್ಕೆ ಎಂದು ಮಾನ್ವಿಯವರೂ ಒಪ್ಪುತ್ತಾರೆ.