ತಂಡ ಕಟ್ಟಿಕೊಂಡು ಕಲಿಕಾ ಪಟದಾಟ ತಯಾರಿಸುವ ವಿಧಾನ

ಬೇಕಾಗುವ ಸಾಮಾನು: ದಪ್ಪ ರಟ್ಟು, ಬಣ್ಣ, ಗೋಂದು, ನಾಲ್ಕು ಕವಡೆ, ಐದು ಮಂದಿ ಮೇಷ್ಟರು. ಕವಡೆ ಸಿಗದಿದ್ದರೆ ಹುಣಸೆಬೀಜವನ್ನು ಒಂದು ಮಗ್ಗುಲು ಬೆಳ್ಳಗಾಗುವವರೆಗೆ ಕಲ್ಲಿಗೆ ಉಜ್ಜಿಕೊಳ್ಳಿ. ಮೇಷ್ಟರಿಗೆ ಬದಲಿ ಇಲ್ಲ.

ಮೊದಲು ವಿಷಯ ಆರಿಸಿ. ಕೆರೆ ಒಳ್ಳೆಯದು, ಯಾರೂ ಬೇಡ ಅನ್ನುವುದಿಲ್ಲ. ನಮ್ಮ ಬಯಲುಸೀಮೆಯ ಎಷ್ಟೋ ಕೆರೆಗಳು ಒಂಟಿಯಲ್ಲ, ಸರಪಳಿ; ಮೇಲಿನದು ತುಂಬಿ ಕೋಡಿ ಬಿದ್ದರೆ ನೀರು ಕೆಳಗಿನ ಊರಿನದಕ್ಕೆ. ತೂಬು ಎತ್ತಿ ಸರದಿ ಪ್ರಕಾರ ಗದ್ದೆಗಳಿಗೆ ಬಿಡಲು ನೀರುಗಂಟಿ. ಅಂದರೆ ಅರ್ಧ ಆಟ ಆಗಲೇ ಸಿದ್ಧ: ನಾಲ್ಕು ಮಕ್ಕಳು, ನಾಲ್ಕು ಕೆರೆ, ಕವಡೆ ಬಿದ್ದಷ್ಟು ಮಳೆ. ಮೇಲೆ ಕೂತವನು ಕೋಡಿಗೆ ಕಲ್ಲು ಪೇರಿಸಿದರೆ ಕೆಳಗೆ ಕೂತವಳ ಗದ್ದೆ ಒಣಗುತ್ತದೆ. ಎಚ್ಚರಿಕೆ: ಇಲ್ಲಿಗೇ ನಿಲ್ಲಿಸಿದರೆ ಮಕ್ಕಳು ಆಡಿಬಿಡುತ್ತಾರೆ.

ಆದ್ದರಿಂದ ಸಭೆ ಕರೆಯಿರಿ. ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೋ ಪಟದಾಟಗಳನ್ನು ರೂಪಿಸಿದರು ನಿಜ. ಅರಸರಿಗೆ ಕೋರಂ ಚಿಂತೆ ಇರಲಿಲ್ಲ. ನೀವು ಚಿತ್ರಕಲೆಯವರಿಂದ ಶುರುಮಾಡಿ. ಯಾವ ನಿಯಮವೂ ಹುಟ್ಟುವ ಮೊದಲೇ ಅವರು ರಟ್ಟಿನ ನಡುವೆ ದೊಡ್ಡ ಕೊಕ್ಕರೆ ಬರೆದಿರಬೇಕು. ಅಳಿಸಲು ಯಾರಿಗೂ ಮನಸ್ಸು ಬಾರದು, ಮುಂದೆ ನಾಲ್ಕೂ ಕೆರೆ ಅದನ್ನು ಸುತ್ತಿಕೊಂಡೇ ಹರಿಯುತ್ತವೆ.

ಗಣಿತದವರು ಲೆಕ್ಕ ಒಪ್ಪಿಸುತ್ತಾರೆ: ಕವಡೆ ಅಂಗಾತ, ಬೋರಲು ಸಮನಾಗಿ ಬೀಳುವುದಾದರೆ ಎರಡು ಬೀಳುವ ಸಾಧ್ಯತೆ 16ರಲ್ಲಿ 6, ನಾಲ್ಕೂ ಬೋರಲಾಗಿ ಬಾರ ಬೀಳುವುದು 16ರಲ್ಲಿ 1. ಹಾಗಾಗಿ ಬಾರಕ್ಕೆ ಏರಿ ಒಡೆಯುವ ಮಳೆಯನ್ನು ಕಟ್ಟಿದರೆ ಭಯವೂ ಇರುತ್ತದೆ, ಅಪರೂಪವೂ ಆಗುತ್ತದೆ. ಮಾತು ಕೇಳುವಂಥದ್ದೇ. ನಡಾವಳಿಯಲ್ಲಿ ಬರೆಯಬೇಡಿ.

ಬರೆಯಬೇಕಾದ್ದು ಸಮಾಜವಿಜ್ಞಾನದವರ ಸಲಹೆ: ಮನೆಗೊಂದು ಪ್ರಶ್ನೆಚೀಟಿ. ಶಾಂತಿಸಾಗರ ಯಾವ ಜಿಲ್ಲೆಯಲ್ಲಿದೆ? ತಪ್ಪಿದರೆ ಎರಡು ಮನೆ ಹಿಂದಕ್ಕೆ. ಚೀಟಿಯ ದೊಡ್ಡ ಅನುಕೂಲವೆಂದರೆ, ನಾಳೆ ಕೆರೆ ಕಿತ್ತುಹಾಕಿ ಅಲ್ಲಿ ಸೌರವ್ಯೂಹ ಅಂಟಿಸಿದರೂ ಆಟಕ್ಕೆ ಏನೂ ಆಗದು.

ಪಾಠವನ್ನು ನಡೆಯೊಳಗೇ ಇಡೋಣ ಎಂದು ಯಾರಾದರೂ ಹಟ ಹಿಡಿದರೆ ಅಮೆರಿಕದ ಎಲಿಜಬೆತ್ ಮ್ಯಾಗಿ ಅವರ ಕಥೆ ಹೇಳಿ. ನೆಲದ ಬಾಡಿಗೆ ಒಬ್ಬನನ್ನು ಕೊಬ್ಬಿಸಿ ಮಿಕ್ಕವರನ್ನು ಹೇಗೆ ಹಿಂಡುತ್ತದೆಂದು ತೋರಿಸಲು ಆಕೆ ಮಾಡಿದ ‘ಲ್ಯಾಂಡ್‌ಲಾರ್ಡ್ಸ್ ಗೇಮ್’ಗೆ 1904ರಲ್ಲಿ ಪೇಟೆಂಟ್ ಸಿಕ್ಕಿತು. ಅದರ ಸಂತಾನವನ್ನೇ 1935ರಲ್ಲಿ ಪಾರ್ಕರ್ ಬ್ರದರ್ಸ್ ಮೊನಾಪಲಿ ಎಂದು ಮಾರಿತು; ಜನ ಖುಷಿಯಿಂದ ಪಕ್ಕದವರನ್ನು ದಿವಾಳಿ ಎಬ್ಬಿಸಲು ಕೂತರು. ಆಟದೊಳಗಿನ ಪಾಠ ಹೀಗೆ ಕೈಮೀರುತ್ತದೆ. ಪ್ರಶ್ನೆಚೀಟಿಯಿಂದ ಮಾತ್ರ ಯಾರೂ ತಪ್ಪು ಕಲಿತದ್ದಿಲ್ಲ, ಏನೂ ಕಲಿಯದ ಕಾರಣ.

ಕೊನೆಗೆ ಆಡಿಸಿ ನೋಡುವುದು. ಆರನೇ ಕ್ಲಾಸಿನವರನ್ನು ಕೂರಿಸಿ, ಐವರೂ ಸುತ್ತ ನಿಂತು ನಡೆ ಹೇಳಿಕೊಡಿ. ಯಾವ ಕಾರಣಕ್ಕೂ ಒಟ್ಟಿಗೆ ಟೀಗೆ ಹೋಗಬೇಡಿ. ಹೋಗಿ ಬರುವಷ್ಟರಲ್ಲಿ ಚೀಟಿಯ ಕಟ್ಟು ಕೊಕ್ಕರೆಯ ಮೇಲೆ ಬೋರಲು ಬಿದ್ದಿದ್ದು, ಕೆಳಗಿನ ಕೆರೆಯ ಹುಡುಗಿ “ಲೇ, ಕಲ್ಲು ತೆಗಿಯೋ, ಬೆಳೇಲಿ ಅರ್ಧ ನಿಂಗೆ” ಅನ್ನುತ್ತಿದ್ದರೆ, ಮೇಲಿನವನು “ಮುಕ್ಕಾಲು ಕೊಟ್ರೆ ನೋಡ್ತೀನಿ” ಎಂದು ಚೌಕಾಸಿಗೆ ಇಳಿದಿದ್ದರೆ, ಕೂಡಲೇ ಪಟ ಮಡಚಿ. ಅಂಥ ನಿಯಮಕ್ಕೆ ಸಭೆಯ ಒಪ್ಪಿಗೆ ಆಗಿಲ್ಲ.